'ಲೈಟ್ಸ್ ಔಟ್' ಅಂದರೆ ಬರೀ ಒಬೊಲರ್ ಹೆಸರೇ ಯಾಕೆ? (ಹಳೇ ರೇಡಿಯೊದ ದೆವ್ವದ ನಾಟಕಗಳು)

ರಾತ್ರಿಪಾಳಿ
ಹಳೇ ಅಮೆರಿಕನ್ ರೇಡಿಯೊದ ದೆವ್ವದ ನಾಟಕ ಕೇಳುವವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. 'ಲೈಟ್ಸ್ ಔಟ್' ಸರಣಿ ಅಂದ ಕೂಡಲೇ ಎಲ್ಲರೂ ಅದಕ್ಕೆ ನಾಟಕ ಬರೆದ ಆರ್ಚ್ ಒಬೊಲರ್ ಅಂತಾರೆ. ಅದನ್ನು ಹುಟ್ಟುಹಾಕಿದ ವಿಲ್ಲಿಸ್ ಕೂಪರ್ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

1934ರ ಜನವರಿಯಲ್ಲಿ ಷಿಕಾಗೊದ ಡಬ್ಲ್ಯುಇಎನ್‌ಆರ್ ಸ್ಟೇಷನ್‌ನಲ್ಲಿ ಶುರುವಾದದ್ದು. ನಡುರಾತ್ರಿ 12 ಗಂಟೆಗೆ, ಬರೀ 15 ನಿಮಿಷ. ಆ ಹೊತ್ತಲ್ಲಿ ಜಾಹೀರಾತು ಕೊಡುವವರು ಯಾರೂ ಇರಲಿಲ್ಲ. ಹಾಗಾಗಿ ಇದು ಬೇಡ, ಅದು ಬೇಡ ಅನ್ನುವವರೂ ಇರಲಿಲ್ಲ. ಕೂಪರ್ ತನಗೆ ಬೇಕಾದ್ದು ಬರೆದರು. ಒಂದು ವರ್ಷ ಆದಮೇಲೆ ಅವರಿಗೆ ಕೆಲಸ ಜಾಸ್ತಿಯಾಯಿತು ಅಂತ ನಿಲ್ಲಿಸಿದರೆ, ಕೇಳುಗರು ಪತ್ರದ ಮೇಲೆ ಪತ್ರ ಬರೆದು ಕೆಲವೇ ವಾರಗಳಲ್ಲಿ ವಾಪಸ್ ತರಿಸಿದರು. 1935ರ ಏಪ್ರಿಲ್‌ನಿಂದ ಇಡೀ ದೇಶಕ್ಕೆ ಪ್ರಸಾರ. 1936ರಲ್ಲಿ ಕೂಪರ್ ಹಾಲಿವುಡ್‌ಗೆ ಹೋದರು. ಆಮೇಲೆ ಬಂದವರು ಒಬೊಲರ್.

ಒಬೊಲರ್ ದೊಡ್ಡವರು, ಇಲ್ಲ ಅನ್ನುವುದಿಲ್ಲ. ಆದರೆ ನಿಜವಾಗಲೂ ಹೆದರಿಸುವುದು ಕೂಪರ್ ಅಂತ ನನ್ನ ಗಟ್ಟಿ ಅಭಿಪ್ರಾಯ. ಒಬೊಲರ್ ಕಿವಿಗೆ ಹೊಡೆಯುತ್ತಾರೆ, ಕೂಪರ್ ತಲೆಯೊಳಗೆ ಕೂರುತ್ತಾರೆ. ನೀವೇನಂತೀರಿ?

ಹಳೇವಾಲ್ವ್
ಒಪ್ಪುವುದಿಲ್ಲ. ಕೂಪರ್ ಕಾಲದ 'ಲೈಟ್ಸ್ ಔಟ್' ಎಷ್ಟು ಕೇಳಿದ್ದೀರಿ? 1934ರಿಂದ 36ರವರೆಗಿನ ಮೂಲ ಪ್ರಸಾರದ ರೆಕಾರ್ಡಿಂಗ್ ಹೆಚ್ಚುಕಮ್ಮಿ ಸಿಗುವುದೇ ಇಲ್ಲ. 1945, 46ರ ಬೇಸಿಗೆಯಲ್ಲಿ ಎನ್‌ಬಿಸಿ ರೇಡಿಯೊ ಜಾಲದವರು ಕೂಪರ್ ಅವರ ಹಳೇ ಸ್ಕ್ರಿಪ್ಟ್‌ಗಳನ್ನು ಮತ್ತೆ ಆಡಿಸಿದರು. ಅದನ್ನು ಇಟ್ಟುಕೊಂಡು ತೀರ್ಪು ಕೊಡುವುದು ಹೇಗೆ?

ಒಬೊಲರ್ ಮೊದಲ ನಾಟಕದಲ್ಲೇ ಏನು ಮಾಡಿದರು ನೋಡಿ. 'ಬರಿಯಲ್ ಸರ್ವಿಸಸ್'. ಮೈ ಮರಗಟ್ಟಿದ ಹುಡುಗಿಯನ್ನು ಸತ್ತಿದ್ದಾಳೆ ಅಂದುಕೊಂಡು ಹೂಳುತ್ತಾರೆ. ಒಳಗಿಂದ ಅವಳ ಯೋಚನೆ ನಮಗೆ ಕೇಳಿಸುತ್ತದೆ, ಹೊರಗಿನವರಿಗೆ ಕೇಳಿಸುವುದಿಲ್ಲ. ಯಾರೂ ಬಂದು ಕಾಪಾಡುವುದೂ ಇಲ್ಲ. ಎನ್‌ಬಿಸಿಗೆ ಸಿಟ್ಟಿನ ಪತ್ರಗಳ ರಾಶಿಯೇ ಬಂತು. ಪಾತ್ರದ ಮನಸ್ಸಿನ ಮಾತನ್ನೇ ನಾಟಕ ಮಾಡುವುದನ್ನು ಅಷ್ಟು ಗಟ್ಟಿಯಾಗಿ ಬಳಸಿದವರು ಒಬೊಲರ್. ಬರೀ ಸದ್ದು ಮಾಡುವವರು ಅಂತ ಅವರನ್ನು ತಳ್ಳಿಹಾಕಬೇಡಿ.

ಕತ್ತಲೆಕೋಣೆ
ಒಬೊಲರ್. ಮಾತೇ ಬೇಡ. 'ದ ಡಾರ್ಕ್' ಕೇಳಿ ಬನ್ನಿ.

ಮೈಕ್‌ಮುಂದೆ
'ದ ಡಾರ್ಕ್' ಅಂದಿರಲ್ಲ, ಅದರ ಸದ್ದಿನ ಬಗ್ಗೆ ಹೇಳಲೇಬೇಕು. ಮನುಷ್ಯನ ಮೈ ಒಳಗಿನದು ಹೊರಗಾಗುವ ಸದ್ದು. ಒದ್ದೆ ಮಾಡಿದ ರಬ್ಬರ್ ಗ್ಲೌಸನ್ನು ಮೈಕಿನ ಹತ್ತಿರ ನಿಧಾನವಾಗಿ ಒಳಮೈ ಹೊರಮೈ ಮಾಡುತ್ತಿದ್ದರು. ಅದೇ ಹೊತ್ತಿಗೆ ಇನ್ನೊಬ್ಬರು ಹಣ್ಣು ತುಂಬುವ ತೆಳು ಮರದ ಬುಟ್ಟಿಯನ್ನು ಹಿಂಡಿ ಪುಡಿ ಮಾಡುತ್ತಿದ್ದರು. ಗ್ಲೌಸ್ ಚರ್ಮ, ಬುಟ್ಟಿ ಮೂಳೆ. ಅಷ್ಟೇ.

ಮೂಳೆ ಮುರಿಯುವುದಕ್ಕೆ ಹಂದಿ ಪಕ್ಕೆಲುಬನ್ನು ಪೈಪ್ ರೆಂಚ್‌ನಲ್ಲಿ ಮುರಿಯುತ್ತಿದ್ದರು. ವಿದ್ಯುತ್ ಕುರ್ಚಿಗೆ ಬಾಣಲೆಯಲ್ಲಿ ಚುರುಗುಡುವ ಬೇಕನ್, ಅಂದರೆ ಹಂದಿಮಾಂಸದ ತೆಳು ಪಟ್ಟಿ. ತಲೆ ಕಡಿಯುವುದಕ್ಕೆ ಎಲೆಕೋಸು.

ನಮ್ಮ ತಂಡ ಆಡಿಯೊ ನಾಟಕ ಮಾಡುತ್ತದೆ, ಎಲೆಕೋಸು ನಾವೂ ಮಾಡಿ ನೋಡಿದ್ದೇವೆ. ಕೋಸು ಗಟ್ಟಿಯಾಗಿ, ತಾಜಾ ಇರಬೇಕು. ಬಾಡಿದ್ದಾದರೆ ಬರೀ ಪುಸ್ ಅನ್ನುತ್ತದೆ. ಮೈಕಿನಿಂದ ಒಂದು ಗೇಣು ದೂರ ಇಟ್ಟು ಒಂದೇ ಏಟಿಗೆ ಕಡಿಯಬೇಕು. ಕತ್ತಿ ಹೋಗಿ ಹಲಗೆಗೆ ತಾಗಿ ಟಕ್ ಅಂದರೆ ಕೆಲಸ ಕೆಟ್ಟಿತು, ಅಡುಗೆಮನೆಯ ಸದ್ದಾಗುತ್ತದೆ. ಅದಕ್ಕೆ ಕೆಳಗೆ ಗೋಣಿಚೀಲ ಮಡಚಿ ಇಡಬೇಕು. ಎಲೆಗಳ ಪದರ ಒಂದೊಂದೇ ಸೀಳುವ ಆ ಸಣ್ಣ ಕರಕರ ಇದೆಯಲ್ಲ, ಅದೇ ಮೈ ನಡುಗಿಸುವುದು. ಇಂಟರ್ನೆಟ್‌ನಲ್ಲಿ ಸಿಗುವ ರೆಡಿಮೇಡ್ ಸದ್ದಿನಲ್ಲಿ ಅದು ಬರುವುದೇ ಇಲ್ಲ.

ಉಪ್ಪುನೀರು
ಮಾರಾಯ್ರೆ, ನಾನು ಇದಕ್ಕೆ ಹೊಸಬಳು. ಕೂಪರ್, ಒಬೊಲರ್ ಜಗಳ ಆಮೇಲೆ ಮಾಡಿ. ಮೊದಲು ಎಲ್ಲಿಂದ ಶುರು ಮಾಡಬೇಕು ಹೇಳಿ. ಇಂಗ್ಲಿಷ್ ಕೇಳಿದರೆ ಅರ್ಥ ಆಗುತ್ತದೆ, ಆದರೆ ತುಂಬಾ ವೇಗವಾಗಿ ಮಾತಾಡಿದರೆ ಕಷ್ಟ.

ಕಿರ್‌ಬಾಗಿಲು
'ಇನ್ನರ್ ಸ್ಯಾಂಕ್ಟಮ್ ಮಿಸ್ಟರೀಸ್'ನಿಂದ ಶುರು ಮಾಡಿ ಮೇಡಂ. 1941ರಿಂದ 1952ರವರೆಗೆ ನಡೆಯಿತು. ಪ್ರತಿ ಕಂತೂ ಕಿರ್ ಅಂತ ತೆರೆಯುವ ಬಾಗಿಲಿನಿಂದ ಶುರು. ರೇಮಂಡ್ ಅಂತ ನಿರೂಪಕ, ಸಾವಿನ ಬಗ್ಗೆಯೇ ತಮಾಷೆ ಮಾಡಿಕೊಂಡು ಒಳಗೆ ಕರೆಯುತ್ತಾನೆ. ಮಾತು ಬಿಡಿಬಿಡಿಯಾಗಿದೆ, ಅರ್ಥ ಮಾಡಿಕೊಳ್ಳುವುದು ಸುಲಭ.

ಆ ಬಾಗಿಲಿನದೂ ಒಂದು ಕತೆ. ನಿರ್ಮಾಪಕ ಹೈಮನ್ ಬ್ರೌನ್ ನಿಜವಾದ ಬಾಗಿಲನ್ನೇ ತರಿಸಿದ್ದರಂತೆ, ಹೊತ್ತಿಗೆ ಸರಿಯಾಗಿ ಅದು ಕಿರುಗುಟ್ಟಲೇ ಇಲ್ಲ. ಪಕ್ಕದಲ್ಲಿದ್ದ ತುಕ್ಕು ಹಿಡಿದ ತಿರುಗು ಕುರ್ಚಿಯಲ್ಲಿ ಕೂತು ತಿರುಗಿದರಂತೆ, ಆ ಸದ್ದೇ ಖಾಯಂ ಆಯಿತು. ಒಂದು ಸಲ ಯಾರೋ ಪಾಪ ಒಳ್ಳೇದು ಮಾಡೋಣ ಅಂತ ಕುರ್ಚಿಗೆ ಎಣ್ಣೆ ಹಾಕಿಬಿಟ್ಟರಂತೆ. ಆವತ್ತು ಸದ್ದು ಮಾಡುವವರು ಬಾಯಲ್ಲೇ ಕಿರ್ ಅನ್ನಿಸಬೇಕಾಯಿತು. ಪ್ರಸಾರ ನೇರ ಅಲ್ವಾ, ಬೇರೆ ದಾರಿಯೇ ಇರಲಿಲ್ಲ.

ಹಳೇವಾಲ್ವ್
'ಇನ್ನರ್ ಸ್ಯಾಂಕ್ಟಮ್' ದೆವ್ವದ ನಾಟಕವೇ ಅಲ್ಲ! ಹತ್ತರಲ್ಲಿ ಎಂಟು ಕತೆಯಲ್ಲಿ ಕೊನೆಗೆ ದೆವ್ವ ಸುಳ್ಳು, ಗಂಡನೋ ಹೆಂಡತಿಯೋ ಆಸ್ತಿಗಾಗಿ ಆಡಿದ ಆಟ ಅಂತ ಗೊತ್ತಾಗುತ್ತದೆ. ಅಲೌಕಿಕ ಕತೆ ಬೇಕು ಅನ್ನುವವರಿಗೆ ಅದನ್ನು ಯಾಕೆ ಹೇಳುತ್ತೀರಿ?

ಕಿರ್‌ಬಾಗಿಲು
ಹೊಸಬರಿಗೆ ಹೇಳಿದ್ದು ಸರ್. ಮೊದಲ ದಿನವೇ ಜೀವಂತ ಹೂಳುವ ಕತೆ ಕೇಳಿಸಿದರೆ ಅವರು ಮತ್ತೆ ಈ ಕಡೆ ಬರುವುದಿಲ್ಲ. ಅಲ್ಲದೆ ದೆವ್ವ ಸುಳ್ಳು ಅಂತ ಗೊತ್ತಾಗುವುದು ಕೊನೇ ಎರಡು ನಿಮಿಷದಲ್ಲಿ. ಅಲ್ಲಿತನಕ ಹೆದರಿದ್ದು ಹೆದರಿದ್ದೇ ಅಲ್ವಾ? ಕೊಲೆಯ ನಡುವೆ ಲಿಪ್ಟನ್ ಟೀ ಜಾಹೀರಾತಿನ ಹೆಂಗಸು ಬಂದು ರೇಮಂಡ್‌ಗೆ ಬುದ್ಧಿ ಹೇಳುವುದು ನನಗಂತೂ ಬಹಳ ಇಷ್ಟ.

ರಿಗ್ಗಿನಮೇಲೆ
ರಾತ್ರಿಪಾಳಿಯವರ ಪರ ನನ್ನ ಓಟು. ಕಾರಣ ಒಂದೇ ನಾಟಕ: 'ದ ಥಿಂಗ್ ಆನ್ ದ ಫೋರ್‌ಬಲ್ ಬೋರ್ಡ್'. ಕೂಪರ್ ಆಮೇಲೆ ಮಾಡಿದ 'ಕ್ವೈಟ್, ಪ್ಲೀಸ್' ಸರಣಿಯದ್ದು, 1948ರ ಆಗಸ್ಟ್ 9ರ ಪ್ರಸಾರ.

ನಾನು ಕೊಲ್ಲಿಯಲ್ಲಿ ತೈಲದ ರಿಗ್ ಮೇಲೆ ಕೆಲಸ ಮಾಡಿದವನು. ಅದಕ್ಕೇ ಈ ನಾಟಕ ನನಗೆ ಬೇರೆ ತರಹ ಕೇಳಿಸುತ್ತದೆ. ಬಾವಿಯಿಂದ ಪೈಪ್ ಎಳೆಯುವಾಗ ಒಂದೊಂದೇ ಬಿಚ್ಚುವುದಿಲ್ಲ. ಮೂರೋ ನಾಲ್ಕೋ ಸೇರಿದ್ದನ್ನು ಒಟ್ಟಿಗೆ ಎಳೆದು ನಿಲ್ಲಿಸುತ್ತಾರೆ. ಒಂದು ಪೈಪ್ ಸುಮಾರು 30 ಅಡಿ. ನಾಲ್ಕು ಸೇರಿದರೆ 120 ಅಡಿ. ಆ ಎತ್ತರದಲ್ಲಿ ಒಬ್ಬ ನಿಲ್ಲುವಷ್ಟು ಹಲಗೆ, ಅದೇ ಫೋರ್‌ಬಲ್ ಬೋರ್ಡ್. ನಾವು ಮೂರು ಪೈಪಿನ ರಿಗ್ ಮೇಲೆ ಇದ್ದದ್ದು, ಸುಮಾರು 90 ಅಡಿ. ರಾತ್ರಿ ಪೈಪ್ ಓಡದೆ ಕೆಲಸ ನಿಂತಾಗ ಮೇಲೆ ಗಾಳಿಗೆ ಸರಪಳಿ ಅಲ್ಲಾಡುವ ಸದ್ದು ಬರುತ್ತದೆ. ಮೇಲೆ ಯಾರೂ ಇಲ್ಲ ಅಂತ ಗೊತ್ತಿದ್ದೂ ತಲೆ ಎತ್ತಿ ನೋಡುತ್ತೇವೆ. ಕೂಪರ್ ಹಿಡಿದದ್ದು ಸರಿಯಾಗಿ ಆ ಜಾಗವನ್ನೇ.

ಕತೆ: ನೆಲದಾಳದಿಂದ ತೆಗೆದ ಕಲ್ಲಿನ ತುಂಡಿನಲ್ಲಿ ಒಂದು ಉಂಗುರ ಸಿಗುತ್ತದೆ. ಆಮೇಲೆ ಒಂದು ಬೆರಳು. ಅಷ್ಟು ಆಳದಿಂದ ಏನು ಮೇಲೆ ಬಂತು, ಅದು ಎಲ್ಲಿ ಹತ್ತಿ ಕೂತಿದೆ ಅನ್ನುವುದು ನಾಟಕ. ಕೊನೆಯಲ್ಲಿ ಆ ಮುದುಕ ತನ್ನ ಹೆಂಡತಿಯನ್ನು

ಉಪ್ಪುನೀರು
ಅಯ್ಯೋ ನಿಲ್ಲಿಸಿ ನಿಲ್ಲಿಸಿ! ನಾನಿನ್ನೂ ಕೇಳಿಲ್ಲ!

ರಿಗ್ಗಿನಮೇಲೆ
ಸರಿ ತಂಗಿ, ಅಲ್ಲಿಗೇ ನಿಲ್ಲಿಸಿದೆ. ಇಷ್ಟು ಮಾತ್ರ ಹೇಳುತ್ತೇನೆ. ಅದರಲ್ಲಿ ಒಂದು ಕೂಗು ಬರುತ್ತದೆ, ಮಗುವಿನದೋ ಪ್ರಾಣಿಯದೋ ಗೊತ್ತಾಗುವುದಿಲ್ಲ. ಅದನ್ನು ಕೊಟ್ಟವರು ಸೆಸಿಲ್ ರಾಯ್ ಅನ್ನುವ ನಟಿ. ಕಾರ್ಟೂನಿನಲ್ಲಿ ಲಿಟಲ್ ಲೂಲುಗೆ ದನಿ ಕೊಟ್ಟವರೂ ಅವರೇ.

ರಾತ್ರಿಪಾಳಿ
ಇದನ್ನೇ ನಾನು ಹೇಳಬೇಕು ಅಂತಿದ್ದದ್ದು! ಹಳೇವಾಲ್ವ್ ಸರ್, ಕೂಪರ್‌ದು ಏನೂ ಉಳಿದಿಲ್ಲ ಅನ್ನುವಂತಿಲ್ಲ. 'ಕ್ವೈಟ್, ಪ್ಲೀಸ್' ಇದೆಯಲ್ಲ. 1947ರ ಜೂನ್‌ನಿಂದ 1949ರ ಜೂನ್‌ವರೆಗೆ.

ಅದರ ಶುರುವನ್ನು ಗಮನಿಸಿ. ಅರ್ನೆಸ್ಟ್ ಚಾಪೆಲ್ "ಕ್ವೈಟ್, ಪ್ಲೀಸ್" ಅನ್ನುತ್ತಾರೆ. ಆಮೇಲೆ ಏನೂ ಇಲ್ಲ. ಕೆಲವು ಸೆಕೆಂಡ್ ಪೂರ್ತಿ ಮೌನ. ಮತ್ತೆ ಅದೇ ಮಾತು. ರೇಡಿಯೊದವರಿಗೆ ಖಾಲಿ ಸಮಯ ಅಂದರೆ ಪ್ರಾಣಭಯ, ಜನ ಬೇರೆ ಸ್ಟೇಷನ್‌ಗೆ ತಿರುಗಿಸಿಬಿಡುತ್ತಾರೆ. ಕೂಪರ್ ಆ ಖಾಲಿಯನ್ನೇ ಬಾಗಿಲು ಮಾಡಿಕೊಂಡರು. ಆಮೇಲೆ ಚಾಪೆಲ್ ನಟನೆ ಮಾಡುತ್ತಿದ್ದಾರೆ ಅಂತಲೇ ಅನ್ನಿಸುವುದಿಲ್ಲ. ಅಡ್ಡಾಡಿ ಬಂದು ಎದುರು ಕೂತು, ಒಂದು ವಿಷಯ ಹೇಳ್ತೀನಿ ಕೇಳು ಅಂದ ಹಾಗಿರುತ್ತದೆ. ಕಿರುಚಾಟ ಕಮ್ಮಿ, ಸದ್ದೂ ಕಮ್ಮಿ. ಹೆಚ್ಚಿನ ಕಂತುಗಳಲ್ಲಿ ಒಂದು ಆರ್ಗನ್, ಒಂದು ಗಂಟಲು. ಒಬೊಲರ್ ಎಲೆಕೋಸು ಕಡಿದಾಗ ಏನಾಯಿತು ಅಂತ ನಮಗೆ ಪಕ್ಕಾ ಗೊತ್ತು. ಕೂಪರ್ ಗೊತ್ತಾಗಲು ಬಿಡುವುದೇ ಇಲ್ಲ.

ಕತ್ತಲೆಕೋಣೆ
ಅರ್ಧ ಕಂತುಗಳಲ್ಲಿ ಏನೂ ನಡೆಯುವುದೇ ಇಲ್ಲ ಗುರು. ನಿದ್ದೆ ಬರುತ್ತದೆ.

ಮೈಕ್‌ಮುಂದೆ
ಕೆಲಸ ಮಾಡಿಕೊಂಡು ಕೇಳಿದರೆ ಹಾಗೇ. ಬೇರೇನೂ ಮಾಡದೆ ಕೂತು ಕೇಳಿ ನೋಡಿ.

ಪೆಟ್ರಿತಟ್ಟೆ
ಇಷ್ಟು ಮಾತಾಡಿದಿರಿ, 'ಚಿಕನ್ ಹಾರ್ಟ್' ಯಾರೂ ಎತ್ತಲಿಲ್ಲ! ಒಬೊಲರ್ ಅಂದರೆ ನನಗೆ ಅದೇ. 1937ರ ಮಾರ್ಚ್ 10. ಲ್ಯಾಬಿನಲ್ಲಿ ಇಟ್ಟ ಕೋಳಿಯ ಹೃದಯ ಬೆಳೆಯುತ್ತಾ ಬೆಳೆಯುತ್ತಾ ಊರನ್ನೇ ನುಂಗುತ್ತದೆ. ನಾಟಕದುದ್ದಕ್ಕೂ ಲಬ್-ಡಬ್ ಲಬ್-ಡಬ್.

ಅದು ಸುಮ್ನೆ ಹುಟ್ಟಿದ ಕಲ್ಪನೆ ಅಲ್ಲ. ಅಲೆಕ್ಸಿಸ್ ಕ್ಯಾರೆಲ್ ಅನ್ನುವ ನೊಬೆಲ್ ವಿಜ್ಞಾನಿ ನ್ಯೂಯಾರ್ಕಿನಲ್ಲಿ 1912ರಲ್ಲಿ ಕೋಳಿ ಭ್ರೂಣದ ಹೃದಯದ ಜೀವಕೋಶಗಳನ್ನು ಬೆಳೆಸಲು ಶುರು ಮಾಡಿದರು. ಅದು 34 ವರ್ಷ ಬದುಕಿತ್ತು ಅಂತ ಹೇಳುತ್ತಿದ್ದರು, ಅಂದರೆ ಕ್ಯಾರೆಲ್ ತೀರಿಕೊಂಡ ಮೇಲೂ. ಪತ್ರಿಕೆಗಳು ಸಾವಿಲ್ಲದ ಹೃದಯ ಅಂತ ಹೊಗಳಿದ್ದೇ ಹೊಗಳಿದ್ದು. ನಾಟಕ ಬಂದಾಗ ಆ ಕೋಶಗಳು ನಿಜವಾಗಲೂ ಲ್ಯಾಬಿನಲ್ಲಿದ್ದವು! 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಅವರು ಸಾಮಾನ್ಯ ಜೀವಕೋಶಗಳು ಒಂದು ಮಿತಿಯವರೆಗೆ ಮಾತ್ರ ಒಡೆದು ಬೆಳೆಯುತ್ತವೆ ಅಂತ ತೋರಿಸಿದರು. ಕ್ಯಾರೆಲ್ ಲ್ಯಾಬಿನಲ್ಲಿ ಹಾಕುತ್ತಿದ್ದ ಪೋಷಕ ದ್ರವದ ಜೊತೆಗೇ ಹೊಸ ಕೋಶಗಳು ಸೇರುತ್ತಿದ್ದಿರಬೇಕು ಅಂತ ಆಮೇಲೆ ಅನುಮಾನ ಬಂತು. ಅಂದರೆ ಒಬೊಲರ್ ನಾಟಕ ಬರೆದ ಕಾಲದ ವಿಜ್ಞಾನದ ಪ್ರಕಾರ ಅದು ಅಸಾಧ್ಯ ಅನ್ನಿಸುತ್ತಲೇ ಇರಲಿಲ್ಲ.

ಹಳೇವಾಲ್ವ್
ಒಳ್ಳೇ ಮಾಹಿತಿ. ಒಂದು ತಿದ್ದುಪಡಿ ಮಾತ್ರ. ನಾವು ಈಗ ಕೇಳುವ 'ಚಿಕನ್ ಹಾರ್ಟ್' 1937ರದ್ದಲ್ಲ, ಆ ಪ್ರಸಾರ ಉಳಿದಿಲ್ಲ. ಒಬೊಲರ್ 1962ರಲ್ಲಿ 'ಡ್ರಾಪ್ ಡೆಡ್!' ಅಂತ ಎಲ್‌ಪಿ ಗ್ರಾಮಫೋನ್ ತಟ್ಟೆ ತಂದರು, ಅದಕ್ಕಾಗಿ ಮತ್ತೆ ಮಾಡಿದ ಚಿಕ್ಕ ರೂಪ ಇದು. 'ದ ಡಾರ್ಕ್' ಕೂಡ ಅದರಲ್ಲಿದೆ. ಈ ನಾಟಕ ಇವತ್ತಿಗೂ ಜನರ ನೆನಪಲ್ಲಿರುವುದಕ್ಕೆ ಹಾಸ್ಯಗಾರ ಬಿಲ್ ಕಾಸ್ಬಿ 1966ರ ಆಲ್ಬಂನಲ್ಲಿ ಅದರ ಬಗ್ಗೆ ಹೇಳಿದ ಕತೆಯೂ ದೊಡ್ಡ ಕಾರಣ.

ಉಪ್ಪುನೀರು
ಇಷ್ಟೊಂದು ಕಳೆದುಹೋದದ್ದು ಹೇಗೆ? ರೇಡಿಯೊ ಸ್ಟೇಷನ್ನಿನಲ್ಲೇ ರೆಕಾರ್ಡ್ ಇರಬೇಕಲ್ವಾ?

ಹಳೇವಾಲ್ವ್
ಆಗ ದೊಡ್ಡ ರೇಡಿಯೊ ಜಾಲಗಳು ರೆಕಾರ್ಡ್ ಮಾಡಿದ್ದನ್ನು ಪ್ರಸಾರ ಮಾಡುತ್ತಲೇ ಇರಲಿಲ್ಲ. ಎಲ್ಲ ನೇರ. ಎಷ್ಟೋ ನಾಟಕಗಳನ್ನು ಪೂರ್ವ ಕರಾವಳಿಗೆ ಒಂದು ಸಲ, ಕೆಲವು ಗಂಟೆ ಬಿಟ್ಟು ಪಶ್ಚಿಮಕ್ಕೆ ಇನ್ನೊಂದು ಸಲ ಆಡುತ್ತಿದ್ದರು. ಇಟ್ಟುಕೊಳ್ಳಲು ಅಂತ ರೆಕಾರ್ಡ್ ಮಾಡಿದ್ದು 16 ಇಂಚಿನ ತಟ್ಟೆಗಳ ಮೇಲೆ. ಅಲ್ಯೂಮಿನಿಯಂ ಮೇಲೆ ಲ್ಯಾಕರ್ ಲೇಪ. ಒಂದು ಮಗ್ಗುಲಿಗೆ 15 ನಿಮಿಷ, ಅರ್ಧ ಗಂಟೆಯ ನಾಟಕಕ್ಕೆ ಎರಡೂ ಮಗ್ಗುಲು ಬೇಕು. ಯುದ್ಧದಲ್ಲಿ ಅಲ್ಯೂಮಿನಿಯಂ ಸಿಗದೆ ಗಾಜಿನ ತಟ್ಟೆ ಬಂತು. ಕೈಜಾರಿದರೆ ನಾಟಕವೇ ಹೋಯಿತು.

ಇನ್ನು 'ದ ವಿಚಸ್ ಟೇಲ್'. 1931ರ ಮೇ ತಿಂಗಳಲ್ಲಿ ಶುರುವಾದದ್ದು, ಈ ಬಗೆಯ ಸರಣಿಗಳಿಗೆಲ್ಲ ಹಿರಿಯಕ್ಕ. ಅದರಲ್ಲಿ ಮುದಿ ಮಾಟಗಾತಿ ನ್ಯಾನ್ಸಿ ಕತೆ ಹೇಳುತ್ತಾಳೆ. ಮೊದಲು ಆ ಪಾತ್ರ ಮಾಡುತ್ತಿದ್ದ ಅಡಿಲೇಡ್ ಫಿಟ್ಜ್-ಆಲನ್ 1935ರಲ್ಲಿ ತೀರಿಕೊಂಡ ಮೇಲೆ ಮಿರಿಯಂ ವುಲ್ಫ್ ಬಂದರು. ವಯಸ್ಸು ಎಷ್ಟು ಹೇಳಿ? 13! ಆ ಸರಣಿಯನ್ನು ಬರೆದು ಮಾಡಿಸಿದ ಅಲೊಂಜೊ ಡೀನ್ ಕೋಲ್ 1961ರಲ್ಲಿ ಮನೆ ಬದಲಾಯಿಸುವಾಗ ತಮ್ಮ ಹತ್ತಿರ ಇದ್ದ ರೆಕಾರ್ಡಿಂಗ್‌ಗಳನ್ನು ತಾವೇ ನಾಶ ಮಾಡಿದರು. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಿರ್‌ಬಾಗಿಲು
ಯುದ್ಧ ಹಾಳು ಮಾಡಿದ್ದೂ ಉಂಟು, ಉಳಿಸಿದ್ದೂ ಉಂಟು. ಅಮೆರಿಕದ ಸೇನಾ ರೇಡಿಯೊದವರು ಹೊರದೇಶದಲ್ಲಿದ್ದ ಸೈನಿಕರಿಗೆ ಇಂಥ ನಾಟಕಗಳನ್ನು ತಟ್ಟೆಯಲ್ಲಿ ಕಳಿಸುತ್ತಿದ್ದರು. ಪೀಟರ್ ಲೋರೆ ನಿರೂಪಿಸಿದ 'ಮಿಸ್ಟರಿ ಪ್ಲೇಹೌಸ್' ಹಾಗೆ ಹೋದದ್ದು. ಜಾಹೀರಾತು ಕತ್ತರಿಸಿ ಹೊಸ ನಿರೂಪಣೆ ಸೇರಿಸುತ್ತಿದ್ದರು. ಎಷ್ಟೋ ಕಂತುಗಳು ಇವತ್ತು ಸಿಗುತ್ತಿರುವುದು ಆ ತಟ್ಟೆಗಳಿಂದಲೇ.

ಸಂಜೆಬಸ್ಸು
1938ರಲ್ಲಿ ಆರ್ಸನ್ ವೆಲ್ಸ್ ಮಂಗಳ ಗ್ರಹದವರು ಬಂದರು ಅಂತ ನಾಟಕ ಮಾಡಿದಾಗ ಇಡೀ ಅಮೆರಿಕವೇ ಬೀದಿಗೆ ಓಡಿಬಂತಲ್ಲ. ಅದಕ್ಕಿಂತ ಭಯದ ನಾಟಕ ಯಾವುದಿದೆ?

ಹಳೇವಾಲ್ವ್
ಇಡೀ ಅಮೆರಿಕ ಓಡಿಬರಲಿಲ್ಲ. ಕೆಲವರು ಗಾಬರಿಯಾಗಿ ಫೋನ್ ಮಾಡಿದ್ದು ನಿಜ. ಅದನ್ನು ದೊಡ್ಡದು ಮಾಡಿದ್ದು ಪತ್ರಿಕೆಗಳು. ಜಾಹೀರಾತಿನ ದುಡ್ಡು ರೇಡಿಯೊ ಕಡೆ ಹರಿಯುತ್ತಿದ್ದ ಕಾಲ ಅದು, ರೇಡಿಯೊ ನಂಬಬೇಡಿ ಅನ್ನಲು ಅವರಿಗೆ ಒಳ್ಳೇ ನೆಪ ಸಿಕ್ಕಿತು. ಆ ಹೊತ್ತಲ್ಲಿ ಹೆಚ್ಚಿನ ಜನ ಬೇರೆ ಜಾಲದಲ್ಲಿ ಮಾತನಾಡುವ ಗೊಂಬೆಯ ಹಾಸ್ಯ ಕಾರ್ಯಕ್ರಮ ಕೇಳುತ್ತಿದ್ದರು. ಮತ್ತೆ ಅದರಲ್ಲಿ ದೆವ್ವ ಎಲ್ಲಿದೆ?

ಸಂಜೆಬಸ್ಸು
ಹಾಗಾದರೆ ವೆಲ್ಸ್ ಅವರೇ ನಟಿಸಿದ 'ದ ಹಿಚ್-ಹೈಕರ್' ತಗೊಳ್ಳಿ, ಅದರಲ್ಲಿ ದೆವ್ವ ಇದೆ. ಲೂಸಿಲ್ ಫ್ಲೆಚರ್ ಬರೆದದ್ದು, ಮೊದಲ ಪ್ರಸಾರ 1941ರಲ್ಲಿ. ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾಕ್ಕೆ ಒಬ್ಬನೇ ಕಾರು ಓಡಿಸುವವನಿಗೆ ದಾರಿಯುದ್ದಕ್ಕೂ ಅದೇ ಮನುಷ್ಯ ಕೈ ತೋರಿಸುತ್ತಾ ನಿಂತಿರುತ್ತಾನೆ. ಎಷ್ಟೇ ವೇಗವಾಗಿ ಹೋದರೂ ಅವನು ಮುಂದೆ. ಫ್ಲೆಚರ್ ಗಂಡ ಬರ್ನಾರ್ಡ್ ಹರ್ಮನ್ ಜೊತೆ ಕಾರಿನಲ್ಲಿ ಹೋಗುವಾಗ ಬ್ರೂಕ್ಲಿನ್ ಸೇತುವೆ ಮೇಲೆ ಒಬ್ಬನನ್ನು ನೋಡಿದರಂತೆ, ಆಮೇಲೆ ನ್ಯೂಜೆರ್ಸಿಯ ಮೇಲ್ಸೇತುವೆಯಲ್ಲಿ ಅದೇ ಮನುಷ್ಯನನ್ನು ಮತ್ತೆ ನೋಡಿದರಂತೆ. ಅಲ್ಲಿಂದ ಹುಟ್ಟಿದ ಕತೆ. ಸಂಗೀತವೂ ಹರ್ಮನ್ ಅವರದ್ದೇ.

ರಾತ್ರಿ ಘಾಟಿಯಲ್ಲಿ ಬಸ್ಸು ಓಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಗಡಿನಗುಡುಗು
ನಾನು ಆಕಾಶವಾಣಿಯ ನಾಟಕಗಳಲ್ಲಿ ದನಿ ಕೊಟ್ಟವಳು. ಸ್ಟುಡಿಯೊದಲ್ಲಿ ಒಂದು ಸಣ್ಣ ಚೌಕಟ್ಟಿಗೆ ಬಾಗಿಲು, ಚಿಲಕ, ಅಗುಳಿ ಎಲ್ಲ ಜೋಡಿಸಿ ಇಟ್ಟಿರುತ್ತಿದ್ದರು. ಗುಡುಗಿಗೆ ತಗಡಿನ ಹಾಳೆ. ಕುದುರೆಗೆ ತೆಂಗಿನ ಚಿಪ್ಪು. ಕೌಟುಂಬಿಕ, ಪೌರಾಣಿಕ, ಹಾಸ್ಯ ಎಲ್ಲ ಮಾಡಿದೆವು. ವಾರ ವಾರ ಬರುವ ದೆವ್ವದ ಸರಣಿಯೊಂದರಲ್ಲಿ ದನಿ ಕೊಡುವ ಭಾಗ್ಯ ಮಾತ್ರ ನನಗೆ ಸಿಗಲಿಲ್ಲ. ಅದರ ಬಗ್ಗೆ ನನಗೆ ನಿಜವಾಗಲೂ ಬೇಜಾರಿದೆ.

ಯಾಕೆಂದರೆ ಸರಕು ನಮ್ಮಲ್ಲೇ ಇದೆ. 1990ರ ದಶಕದಲ್ಲಿ ಗೋಡೆ ಗೋಡೆಗೂ 'ನಾಳೆ ಬಾ' ಅಂತ ಬರೆದದ್ದು ನೆನಪಿದೆಯಾ? ಆ ದೆವ್ವ ಏನು ಮಾಡುತ್ತಿತ್ತು? ಬಾಗಿಲು ತಟ್ಟಿ ನಿಮ್ಮ ಅಮ್ಮನ ದನಿಯಲ್ಲೋ ಗಂಡನ ದನಿಯಲ್ಲೋ ಕರೆಯುತ್ತಿತ್ತು. ಅದಕ್ಕೆ ಮುಖವೇ ಇರಲಿಲ್ಲ, ದನಿ ಮಾತ್ರ. ಅದಕ್ಕಿಂತ ಒಳ್ಳೇ ರೇಡಿಯೊ ನಾಟಕ ಎಲ್ಲಿ ಸಿಗುತ್ತದೆ? ಒಬ್ಬಳೇ ನಟಿ ಸಾಕು. ಒಳಗಿನ ಅತ್ತೆಯೂ ಅವಳೇ, ಹೊರಗೆ ಕರೆಯುವವಳೂ ಅವಳೇ.

ಮೈಕ್‌ಮುಂದೆ
ಅಕ್ಕಾ, ಇದನ್ನು ಮಾಡೋಣ. ನಿಜವಾಗಲೂ ಹೇಳುತ್ತಿದ್ದೇನೆ. ಹೊರಗಿನ ದನಿಗೆ ಬೇರೆ ಎಫೆಕ್ಟ್ ಹಾಕುವುದು ಬೇಡ. ಮೈಕ್ ಕೋಣೆಯೊಳಗೇ ಇರಲಿ, ನೀವು ದಪ್ಪ ಮರದ ಬಾಗಿಲ ಆಚೆ ನಿಂತು ಕರೆಯಿರಿ.

ತಗಡಿನಗುಡುಗು
ಒಂದೇ ಷರತ್ತು. ಹಿನ್ನೆಲೆ ಸಂಗೀತ ತುಂಬಬಾರದು. ಈಗಿನವರು ಎಲ್ಲಿ ಹೆದರಬೇಕು ಅಂತ ಪಿಟೀಲು ಕುಯ್ದು ತೋರಿಸುತ್ತಾರೆ.

ರಾತ್ರಿಪಾಳಿ
ನೋಡಿ, ಅಕ್ಕ ಹೇಳಿದ್ದು ಪೂರ್ತಿ ಕೂಪರ್ ದಾರಿ!

ಕತ್ತಲೆಕೋಣೆ
ಬಾಗಿಲು ತೆರೆದ ಮೇಲೆ ಏನಾದರೂ ಮುರಿಯಬೇಕು ಆದರೆ. ಅಲ್ಲಿ ಒಬೊಲರ್ ಬೇಕೇ ಬೇಕು.

ಪೆಟ್ರಿತಟ್ಟೆ
ಸ್ವಲ್ಪ ಬೇರೆ ಕಡೆ ಹೋಗುತ್ತಿದ್ದೇನೆ. ಒಬೊಲರ್ 1952ರಲ್ಲಿ 'ಬ್ವಾನಾ ಡೆವಿಲ್' ಅಂತ ಸಿನಿಮಾ ಮಾಡಿದರು. ಪೂರ್ಣಾವಧಿಯ ಮೊದಲ ಅಮೆರಿಕನ್ ಬಣ್ಣದ ತ್ರೀಡಿ ಚಿತ್ರ. ಆಫ್ರಿಕಾದ ಸಾವೊದಲ್ಲಿ 1898ರಲ್ಲಿ ಉಗಾಂಡ ರೈಲು ಹಾಕುವಾಗ ಎರಡು ಸಿಂಹಗಳು ಕೂಲಿಗಳನ್ನು ತಿಂದ ನಿಜ ಘಟನೆಯ ಮೇಲೆ ಮಾಡಿದ್ದು. ಆ ಕೂಲಿಗಳಲ್ಲಿ ಬಹಳ ಮಂದಿ ಭಾರತದಿಂದ ಹೋದವರು. ರಾತ್ರಿ ಡೇರೆಯಲ್ಲಿ ಮಲಗಿ ಹೊರಗಿನ ಸದ್ದಿಗೆ ಕಿವಿಗೊಟ್ಟ ಅವರ ಕತೆ ತ್ರೀಡಿಗಿಂತ ರೇಡಿಯೊಗೇ ಚೆನ್ನಾಗಿ ಒಪ್ಪುತ್ತಿತ್ತು ಅಂತ ನನಗನ್ನಿಸುತ್ತದೆ.

ಉಪ್ಪುನೀರು
ಫೋರ್‌ಬಲ್ ಬೋರ್ಡ್ ಕೇಳಿದೆ. ರಿಗ್ಗಿನಣ್ಣ, ಆ ಹೆಂಡತಿ... ದೇವರೇ. ಆ ಮುದುಕ ಶುರುವಿನಿಂದ ಮಾತಾಡುತ್ತಿದ್ದದ್ದು ಯಾರ ಹತ್ತಿರ ಅಂತ ಕೊನೆಗೆ ಗೊತ್ತಾದಾಗ ಕಿವಿಯಿಂದ ಇಯರ್‌ಫೋನ್ ಕಿತ್ತೆ. ಇಷ್ಟು ಕಮ್ಮಿ ಸದ್ದಿನಲ್ಲಿ ಇಷ್ಟು ಹೆದರಿಸಬಹುದಾ? ಮುಂದೆ ಯಾವುದು ಕೇಳಲಿ?

ರಿಗ್ಗಿನಮೇಲೆ
'ಸಸ್ಪೆನ್ಸ್' ಸರಣಿಯ 'ದ ಹೌಸ್ ಇನ್ ಸೈಪ್ರೆಸ್ ಕ್ಯಾನ್ಯನ್', 1946ರದ್ದು. ಬಾಡಿಗೆ ಮನೆ, ಬೀಗ ಹಾಕಿದ ಒಂದು ಕಪಾಟು. ಮಾತು ಸ್ವಲ್ಪ ವೇಗ. ಒಂದು ಸಲ ಅರ್ಥವಾಗದಿದ್ದರೆ ಮತ್ತೆ ಹಾಕಿ. ಇನ್ನೂ ಬೇಕು ಅಂದರೆ ಅದೇ ಹೈಮನ್ ಬ್ರೌನ್ 1974ರಿಂದ 1982ರವರೆಗೆ ಅದೇ ಕಿರ್ ಬಾಗಿಲು ಇಟ್ಟುಕೊಂಡು ಮಾಡಿದ 'ಸಿಬಿಎಸ್ ರೇಡಿಯೊ ಮಿಸ್ಟರಿ ಥಿಯೇಟರ್' ಇದೆ. 1,399 ಕಂತುಗಳು. ರೆಕಾರ್ಡಿಂಗ್ ಸ್ವಚ್ಛವಾಗಿದೆ, ಮಾತೂ ನಿಧಾನ.

ಹಳೇವಾಲ್ವ್
ಅದಕ್ಕೂ ಮೊದಲು ಒಬೊಲರ್ ಅವರ 'ಕ್ಯಾಟ್ ವೈಫ್' ಕೇಳಿ ತಂಗಿ. 1938ರದ್ದು, ಬೋರಿಸ್ ಕಾರ್ಲಾಫ್ ಗಂಡನ ಪಾತ್ರ. ಸಿಟ್ಟಿನಲ್ಲಿ ಹೆಂಡತಿಯನ್ನು ಬೆಕ್ಕು ಅಂತ ಬೈಯುತ್ತಾನೆ, ಅವಳು ಬೆಕ್ಕೇ ಆಗಿಬಿಡುತ್ತಾಳೆ. ಕೇಳಿ ಬಂದು ಇವರಿಗೆಲ್ಲ ಹೇಳಿ, ಒಬೊಲರ್ ಬರೀ ಸದ್ದಾ ಅಂತ.